ಮೂರು ಊರಿನ ಒಂದೇ ತರಗತಿ

ಜುಲೈ 3, ಸೋಮವಾರ

ಇವತ್ತಿನಿಂದ ನನ್ನ ತರಗತಿ ನನ್ನದಲ್ಲ, ವಿಶ್ವವಿದ್ಯಾಲಯದ್ದಂತೆ. ಡೀನ್ ಹಾಗೆಂದೇ ಹೇಳಿದರು, ನಗುನಗುತ್ತ, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸುತ್ತ. ಅವರು ಬಿಸ್ಕತ್ತು ಸರಿಸಿದಾಗಲೇ ನನಗೆ ಅನುಮಾನ ಬಂದಿತ್ತು.

ವಿಷಯ ಇಷ್ಟು. ನಮ್ಮ ವಿಶ್ವವಿದ್ಯಾಲಯಕ್ಕೆ ಮೂರು ಕ್ಯಾಂಪಸ್ಸು. ನಾನಿರುವ ಹಳೇ ಕ್ಯಾಂಪಸ್ಸು, ಬಂದರಿನ ಕ್ಯಾಂಪಸ್ಸು, ಮುಚ್ಚಿಹೋದ ಗಣಿಯ ಊರಿನಲ್ಲಿರುವ ಗಣಿ ಕ್ಯಾಂಪಸ್ಸು. ಭೂವಿಜ್ಞಾನ ಓದುವ ಮಕ್ಕಳು ಇಲ್ಲಿ ಆರು, ಬಂದರಿನಲ್ಲಿ ಹನ್ನೊಂದು. ಗಣಿ ಊರಿನಲ್ಲಿ ಈ ವಿಷಯವೇ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಕಲ್ಲು, ಕಲ್ಲಿನ ಬಗ್ಗೆ ಹೇಳಿಕೊಡುವವರು ಮಾತ್ರ ಯಾರೂ ಇಲ್ಲ. ಈ ವರ್ಷ ಅಲ್ಲಿನ ಒಂಬತ್ತು ಮಕ್ಕಳು ನಮಗೂ ಬೇಕು ಎಂದು ಹಟ ಹಿಡಿದಿದ್ದಾರೆ. ಆದ್ದರಿಂದ ಮೂರೂ ಕಡೆಗೆ ಒಂದೇ ಕೋರ್ಸು, ಒಂದೇ ಪಾಠ, ಒಂದೇ ಪರೀಕ್ಷೆ. ಮಂಗಳವಾರ ನಾನು ಇಲ್ಲಿಂದ ಖನಿಜಗಳ ಪಾಠ ಮಾಡಬೇಕು, ಗುರುವಾರ ಬಂದರಿನಿಂದ ಪಾಪು ಪಳೆಯುಳಿಕೆಗಳ ಪಾಠ ಮಾಡಬೇಕು. ಉಳಿದ ಊರಿನವರು ಪರದೆಯಲ್ಲಿ ನೋಡುತ್ತಾರೆ. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕಡ್ಡಾಯವಾಗಿ ಕೂರಬೇಕು. ಇದಕ್ಕೆ ಒಪ್ಪದಿದ್ದರೆ ಮೂರೂ ಕಡೆ ಭೂವಿಜ್ಞಾನಕ್ಕೆ ಬೀಗ.

ಪಾಪು ಎಂದರೆ ನನ್ನ ತಂಗಿ. ನಲವತ್ತಾರು ವರ್ಷದ, ಡಾಕ್ಟರೇಟ್ ಪಡೆದ, ಓದಲು ಕನ್ನಡಕ ಹುಡುಕುವ ಪಾಪು. ನನಗಿಂತ ಎಂಟು ವರ್ಷ ಚಿಕ್ಕವಳು. ಅಪ್ಪ ಬೇಗ ಹೋದರು, ಅಮ್ಮ ದಿನವಿಡೀ ಕೆಲಸಕ್ಕೆ. ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು, ಕಲ್ಲಿನ ಹುಚ್ಚು ಹಿಡಿಸಿದವಳೂ ನಾನೇ.

ಅವಧಿಯ ಕೊನೆಗೆ ಇಡೀ ಕೋರ್ಸಿಗೆ ಒಬ್ಬರನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತಾರಂತೆ. "ಹಿರಿಯರು ನೀವೇ ಅಲ್ವಾ ಮೇಡಂ," ಎಂದರು ಡೀನ್. ಅದರಲ್ಲಿ ಕೇಳುವುದೇನಿದೆ?

ಸಂಜೆ ಪಾಪು ಫೋನು ಮಾಡಿದಳು. "ಅಕ್ಕ, ನಾವಿಬ್ರೂ ಒಟ್ಟಿಗೆ ಪಾಠ ಮಾಡ್ತೀವಿ! ಮಜಾ ಅಲ್ವಾ?"

"ಪಾಠ ಅಂದ್ರೆ ಮಜಾ ಅಲ್ಲ ಪಾಪು."

ಅವಳ ಜೊತೆಗಿರುವ ಅಮ್ಮ ಹಿಂದಿನಿಂದ, "ಇಬ್ರೂ ಜಗಳ ಆಡ್ಬೇಡಿ," ಎಂದು ಕೂಗಿದಳು. ಇನ್ನೂ ಏನೂ ಶುರುವೇ ಆಗಿಲ್ಲ!

ಜುಲೈ 11, ಮಂಗಳವಾರ

ಮೊದಲ ತರಗತಿ. ತರಗತಿಯೆಂದರೆ ತಪ್ಪು, ಸಂತೆ.

ಗೋಡೆಯ ಮೇಲೆ ಎರಡು ದೊಡ್ಡ ಪರದೆ. ಒಂದರಲ್ಲಿ ಬಂದರಿನ ತಲೆಗಳು, ಇನ್ನೊಂದರಲ್ಲಿ ಗಣಿ ಊರಿನ ತಲೆಗಳು. ಕ್ಯಾಮೆರಾ, ಮೈಕು ನೋಡಿಕೊಳ್ಳುವ ತಂತ್ರಜ್ಞರನ್ನು ಇಲ್ಲಿ ಎಲ್ಲರೂ ವಯರ್ ಸಾಹೇಬರು ಎನ್ನುತ್ತಾರೆ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಸದಾ ಕೊರಳಲ್ಲಿ ಒಂದು ಸುರುಳಿ ತಂತಿ. ಅವರು ನೆಲದ ಮೇಲೆ ಬಿಳಿ ಟೇಪು ಅಂಟಿಸಿ, "ಮೇಡಂ, ಈ ಚೌಕ ಬಿಟ್ಟು ಆಚೆ ಹೋಗ್ಬೇಡಿ. ಹೋದ್ರೆ ಕಾಣಿಸಲ್ಲ," ಎಂದರು. ಕೋಣೆಯ ಉದ್ದಗಲಕ್ಕೂ ಓಡಾಡಿ ಪಾಠ ಮಾಡಿ ಅಭ್ಯಾಸವಾದವಳಿಗೆ ಕುಂಟಾಬಿಲ್ಲೆ ಆಡುವ ಮಕ್ಕಳಂತೆ ಒಂದು ಚೌಕ!

ಬೆಣಚುಕಲ್ಲಿನಿಂದ ಶುರು ಮಾಡಿದೆ. ಅದು ಎಷ್ಟು ಗಟ್ಟಿ, ಗಾಜನ್ನು ಹೇಗೆ ಗೀರುತ್ತದೆ, ಒಂದೇ ಕಲ್ಲು ಒಂದು ಕಡೆ ಹಾಲಿನ ಬಣ್ಣ ಇನ್ನೊಂದು ಕಡೆ ಹೊಗೆಯ ಬಣ್ಣ ಏಕೆ, ಎಲ್ಲವನ್ನೂ ಒಳ್ಳೇ ಹುಮ್ಮಸ್ಸಿನಲ್ಲಿ ಹೇಳಿ, "ಅರ್ಥ ಆಯ್ತಾ?" ಎಂದೆ. ಗಣಿ ಊರಿನ ಪರದೆಯಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಿಮ್ಮ ಮೈಕ್ ಆನ್ ಆಗಿಲ್ಲ."

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ನೀವು ತುಂಬ ಖುಷಿಯಾಗಿ ಹೇಳ್ತಿದ್ರಿ ಮೇಡಂ. ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಮೈಕು ಸರಿಯಾದ ಮೇಲೂ ಕೂಗಿಯೇ ಮಾತಾಡಿದೆ. ಅಷ್ಟು ದೂರದ ಊರಿಗೆ ಕೇಳಿಸಬೇಡವೇ? ಗಂಟಲು ಉರಿಯುತ್ತಿದೆ. ಔಷಧಿ ಅಂಗಡಿ ಮುಚ್ಚಿ ಮನೆಗೆ ಬಂದ ನಮ್ಮವರು ಚೀಪುವ ಮಾತ್ರೆ ಕೊಟ್ಟು, "ಕಿರುಚೋದೇ ಆದ್ರೆ ಮೈಕ್ ಯಾಕೆ, ಕಿಟಕಿ ತೆಗೆದ್ರೆ ಸಾಲ್ದಾ?" ಎಂದರು. ಈ ಮನುಷ್ಯನಿಗೆ ಎಲ್ಲವೂ ತಮಾಷೆ.

ಜುಲೈ 13, ಗುರುವಾರ

ಪಾಪುವಿನ ತರಗತಿಯಲ್ಲಿ ಕೂತೆ. ಮೇಜಿನ ಮೇಲೆ ಕೂತು ಕಾಲಾಡಿಸುತ್ತ ಪಾಠ ಮಾಡುತ್ತಾಳೆ. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಒಂದು ವಿಷಯ ಹೇಳುತ್ತ ಹೇಳುತ್ತ ಇನ್ನೊಂದಕ್ಕೆ ಹಾರುತ್ತಾಳೆ, ಮಕ್ಕಳು ಬಾಯಿ ಬಿಟ್ಟುಕೊಂಡು ಅವಳ ಹಿಂದೆಯೇ ಹಾರುತ್ತಾರೆ. ಏನಕ್ಕೋ ಎಲ್ಲರೂ ನಕ್ಕರು. ನನ್ನ ಆರು ಜನವೂ ನಕ್ಕರು. ನನ್ನ ತರಗತಿಯಲ್ಲಿ ಅವರು ಹೀಗೆ ನಕ್ಕದ್ದು ನಾನು ಕಂಡಿಲ್ಲ, ನನ್ನಲ್ಲಿ ಶಿಸ್ತಿದೆ.

ತಪ್ಪುಗಳನ್ನೆಲ್ಲ ಫೋನಿನಲ್ಲಿ ಹೇಳಿದೆ. "ಹೂಂ ಅಕ್ಕ... ಹೂಂ ಅಕ್ಕ..." ಎಂದಳು. ತಿದ್ದಿಕೊಳ್ಳುತ್ತಾಳೆ.

ಜುಲೈ 27, ಗುರುವಾರ

ಇವತ್ತು ಒಂದು ಸಣ್ಣ ಘಟನೆ. ಸಣ್ಣದೇ.

ಪಾಪು ಒಂದು ಬೂದು ಕಲ್ಲನ್ನು ಕ್ಯಾಮೆರಾದ ಮುಂದೆ ಹಿಡಿದು, ಅದರೊಳಗಿನ ಚಿಪ್ಪಿನ ಗುರುತು ತೋರಿಸುತ್ತ, "ಇದು ಸುಣ್ಣಕಲ್ಲು. ಒಂದಾನೊಂದು ಕಾಲಕ್ಕೆ ಸಮುದ್ರದ ತಳ," ಎಂದಳು. ಪರದೆಯಲ್ಲಿ ಅದರ ಬಣ್ಣ ನೋಡಿದರೆ ಅದು ಡಾಲಮೈಟ್. ಸುಣ್ಣಕಲ್ಲಿನ ದಾಯಾದಿ ಇರಬಹುದು, ಸುಣ್ಣಕಲ್ಲಲ್ಲ. ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಮೈಕು ಒತ್ತಿ, "ಪಾಪು, ಹಾಗಲ್ಲ! ಅದು ಡಾಲಮೈಟ್. ಸರಿಯಾಗಿ ನೋಡು," ಎಂದುಬಿಟ್ಟೆ.

ಆಮೇಲೆ ಬಂದರಿನ ಹಿಂದಿನ ಬೆಂಚಿನಲ್ಲಿ ಯಾರೋ ಮೆಲ್ಲಗೆ "ಪಾಪು ಮೇಡಂ" ಎಂದರು. ನಗು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಗಣಿ ಊರಿಗೆ ಹಬ್ಬಿತು.

ಪಾಪು ನಗಲಿಲ್ಲ. ಆಸಿಡ್ ಬಾಟಲಿ ತೆಗೆದು ಕಲ್ಲಿನ ಮೇಲೆ ಒಂದು ಹನಿ ಬಿಟ್ಟಳು. ಹಾಲು ಉಕ್ಕಿದ ಹಾಗೆ ಭುಸ್ಸೆಂದು ನೊರೆ ಬಂತು. "ಡಾಲಮೈಟ್ ಆಗಿದ್ರೆ ತಣ್ಣನೆ ಆಸಿಡ್‌ಗೆ ಇಷ್ಟು ಉಕ್ಕಲ್ಲ. ಸುಣ್ಣಕಲ್ಲೇ," ಎಂದು ಮಕ್ಕಳಿಗೆ ಹೇಳಿದಳು. ನನ್ನ ಕಡೆ ನೋಡಲೇ ಇಲ್ಲ.

ಆ ಪರದೆಯ ಬಣ್ಣ ಸರಿಯಿಲ್ಲ. ವಯರ್ ಸಾಹೇಬರಿಗೆ ಹೇಳಬೇಕು.

ಜುಲೈ 30, ಭಾನುವಾರ

ಭಾನುವಾರದ ಫೋನು ಬರಲಿಲ್ಲ. ನಾನೇ ಮಾಡಿದೆ. ಅಮ್ಮ ಎತ್ತಿದಳು. ಪಾಪು ಸ್ನಾನಕ್ಕೆ ಹೋಗಿದ್ದಾಳಂತೆ. ಮಧ್ಯಾಹ್ನ ಮಾಡಿದೆ, ಸ್ನಾನ. ಸಂಜೆ ಮಾಡಿದೆ, ಸ್ನಾನ.

"ಎಷ್ಟು ಸ್ನಾನಮ್ಮ ಅವಳಿಗೆ?"

"ನೀನು ಹಚ್ಚಿದ ಮಸಿ ತೊಳ್ಕೋಬೇಡ್ವಾ?" ಎಂದಳು ಅಮ್ಮ.

ಆಗಸ್ಟ್ 8, ಮಂಗಳವಾರ

ಪಾಠದ ಮಧ್ಯೆ ಧ್ವನಿ ನಿಂತುಹೋಯಿತು. ಗಂಟಲು ಕಟ್ಟಿದ್ದೂ ಅಲ್ಲ, ಒಡೆದದ್ದೂ ಅಲ್ಲ. ಬಾಯಿ ತೆರೆದೆ, ಗಾಳಿ ಬಂತು, ಅಷ್ಟೇ. ಗಣಿ ಊರಿನ ಹುಡುಗಿ ಅಭ್ಯಾಸದಂತೆ, "ಮೇಡಂ, ಮೈಕ್..." ಎಂದು ಎದ್ದವಳು ನನ್ನ ಮುಖ ನೋಡಿ ಹಾಗೇ ಕೂತಳು.

ಆಗಸ್ಟ್ 9, ಬುಧವಾರ

ಗಂಟಲ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನನ್ನ ಧ್ವನಿಪೆಟ್ಟಿಗೆಯನ್ನು ನನಗೇ ತೋರಿಸಿದರು. ಇಲ್ಲೂ ಪರದೆ! ಬೆಳ್ಳಗಿರಬೇಕಾದ ಎರಡು ಪಟ್ಟಿ ಕೆಂಪಗೆ ಊದಿವೆ, ಒಂದರ ಮೇಲೆ ಗಂಟು.

"ಪೂರ್ತಿ ಮೌನ," ಎಂದರು. "ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಎರಡು ವಾರ ಬಿಟ್ಟು ನೋಡೋಣ. ಆಗ್ಲೂ ವಾಸಿಯಾಗ್ದಿದ್ರೆ ಇನ್ನಷ್ಟು ದಿನ."

ನಾನು ಪಾಠದ ಬಗ್ಗೆ ಕೇಳಲು ಬಾಯಿ ತೆರೆದೆ. ಅವರು ಬೆರಳೆತ್ತಿದರು. ನಾನು ಮಕ್ಕಳಿಗೆ ಎತ್ತುತ್ತಿದ್ದ ಬೆರಳೇ.

ಮನೆಗೆ ಬಂದ ಮೇಲೆ ನಮ್ಮವರು ಅಂಗಡಿಗೆ ಬಂದ ಗಿರಾಕಿಯೊಬ್ಬರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮುಗಿಸಿ ತಾವೇ ಬೆರಗಾದರು. "ಮದ್ವೆಯಾದಾಗಿಂದ ಇದೇ ಮೊದ್ಲ ಸಲ ನನ್ನ ಮಾತು ಪೂರ್ತಿ ಆಗಿದ್ದು!" ಎಂದರು. ನಾನು ದಿಂಬು ಎಸೆದೆ. ಆಮೇಲೆ ಅವರೇ ಸೂಪು ಮಾಡಿ, ಆರಿಸಿ, ಪಕ್ಕದಲ್ಲಿ ಕೂತು ಕುಡಿಸಿದರು. ಅಷ್ಟು ಹೊತ್ತೂ ಅವರೂ ಮಾತಾಡಲಿಲ್ಲ. ಅವರು ಮಾತಾಡಬಹುದಾಗಿತ್ತು.

ಈಗ ಈ ಪುಸ್ತಕ ಒಂದೇ ನನ್ನ ಮಾತು ಕೇಳುವುದು. ಎಷ್ಟು ಬರೆದರೂ ಬೆರಳೆತ್ತುವುದಿಲ್ಲ. ಬೀದಿಯಲ್ಲಿ ಯಾರೋ ಕುರ್ಚಿ ಎಳೆಯುತ್ತಿರುವ ಸದ್ದು, ಮೇಲಿನ ಮನೆಯವರ ನಲ್ಲಿ, ನಮ್ಮವರು ಪತ್ರಿಕೆ ಮಡಿಸುವುದು, ಎಲ್ಲ ಕೇಳಿಸುತ್ತಿದೆ. ಇವೆಲ್ಲ ಮೊದಲೂ ಇದ್ದವೋ?

ಆಗಸ್ಟ್ 12, ಶನಿವಾರ

ಡೀನ್ ಮೆಸೇಜು: ಖನಿಜಗಳ ಭಾಗವನ್ನು ಈ ಅವಧಿಗೆ ಕೈಬಿಡೋಣವೇ? ಕೈಬಿಟ್ಟರೆ ಕೋರ್ಸು ಅರ್ಧವಾಗುತ್ತದೆ. ಅರ್ಧ ಕೋರ್ಸಿಗೆ ಅಂಕವಿಲ್ಲ. ನನ್ನ ಮಕ್ಕಳಿಗೂ ಬಂದರಿನವರಿಗೂ ಬೇರೆ ವಿಷಯಗಳಿವೆ, ಹೇಗೋ ತೂಗಿಸಿಕೊಳ್ಳುತ್ತಾರೆ. ಗಣಿ ಊರಿನ ಒಂಬತ್ತು ಜನಕ್ಕೆ ಒಂದು ವರ್ಷವೇ ಹೋಗುತ್ತದೆ. ಇನ್ನೊಮ್ಮೆ ಅಲ್ಲಿ ಈ ವಿಷಯದ ಹೆಸರೆತ್ತುವವರು ಯಾರು?

ಉತ್ತರ ಟೈಪು ಮಾಡಿ ಅಳಿಸಿ, ಮಾಡಿ ಅಳಿಸಿ ಕೂತಿದ್ದಾಗ ಪಾಪುವಿನ ಮೆಸೇಜು ಬಂತು. ಜಗಳದ ನಂತರ ಮೊದಲನೆಯದು.

"ಮಂಗಳವಾರವೂ ನಾನೇ ತಗೋತೀನಿ. ನೀನು ಸುಮ್ನಿರು."

ಸ್ವಲ್ಪ ಹೊತ್ತಿಗೆ ಇನ್ನೊಂದು: "ನಿಜವಾಗ್ಲೂ ಸುಮ್ನಿರು."

ಖನಿಜ ಅವಳ ವಿಷಯವಲ್ಲ. ಹಾಳು ಮಾಡುತ್ತಾಳೆ. ಆದರೂ ಡೀನ್‌ಗೆ "ಒಪ್ಪಿಗೆ" ಎಂದು ಬರೆದೆ.

ಆಗಸ್ಟ್ 22, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ನನ್ನ ಆರು ಮಕ್ಕಳ ಜೊತೆ ನಾನೂ ಬೆಂಚಿನಲ್ಲಿ ಕೂತೆ. ಚೌಕ ಖಾಲಿ. ಪಾಪು ಬಂದರಿನಿಂದ ಜೇಡಿಮಣ್ಣಿನ ಖನಿಜಗಳ ಪಾಠ ಶುರು ಮಾಡಿದಳು. ನಾನಾಗಿದ್ದರೆ ಅದರ ಪದರಗಳ ರಚನೆಯನ್ನು ಬೋರ್ಡಿನ ಮೇಲೆ ಬರೆದು, ಅಳತೆ ಹೇಳಿ ಮುಂದೆ ಹೋಗುತ್ತಿದ್ದೆ. ಅವಳು ಬೋರ್ಡಿನ ಕಡೆ ತಿರುಗಲೇ ಇಲ್ಲ.

"ಎಲ್ರ ಹತ್ರಾನೂ ಎರಡೆರಡು ಕಲ್ಲಿದೆ ಅಲ್ವಾ? ನೋಡೋಕೆ ಎರಡೂ ಒಂದೇ ಥರ. ಯಾವ್ದು ಜೇಡಿಕಲ್ಲು ಹೇಳಿ."

ಮಕ್ಕಳು ತಿರುಗಿಸಿ ನೋಡಿದರು, ಗೀರಿ ನೋಡಿದರು, ಮೂಸಿ ನೋಡಿದರು.

"ನನಗೆ ಆರು ವರ್ಷ ಆಗಿದ್ದಾಗ," ಎಂದಳು ಪಾಪು, "ನಮ್ಮಕ್ಕ ಶಾಲೆಯಿಂದ ಬರ್ತಾ ದಾರೀಲಿ ಸಿಕ್ಕ ಕಲ್ಲನ್ನೆಲ್ಲ ಜೇಬಿಗೆ ತುಂಬ್ಕೊಂಡು ಬರ್ತಿದ್ಲು. ಒಂದಿನ ಇದೇ ಥರ ಎರಡು ಕಲ್ಲು ಕೊಟ್ಟು, 'ಪಾಪು, ಕಣ್ಣಿಗೆ ಗೊತ್ತಾಗಲ್ಲ, ಕೈಗೂ ಗೊತ್ತಾಗಲ್ಲ, ನಾಲಿಗೆ ಚಾಚು' ಅಂದ್ಲು. ಒಂದು ಕಲ್ಲು ಸುಮ್ನಿತ್ತು. ಇನ್ನೊಂದು ನಾಲಿಗೆಗೆ ಅಂಟ್ಕೊಂಡ್ಬಿಡ್ತು! ನಾನು ಅಳೋಕೆ ಶುರು ಮಾಡ್ದೆ. ಅಕ್ಕ ನಕ್ಕು, 'ಅದಕ್ಕೆ ಬಾಯಾರಿಕೆ ಕಣೇ, ನಿನ್ನ ನಾಲಿಗೆಯ ನೀರು ಕುಡೀತಿದೆ' ಅಂದ್ಲು. ಜೇಡಿಯ ಕಣಗಳ ಮಧ್ಯೆ ಎಷ್ಟು ಸಣ್ಣ ಸಣ್ಣ ಜಾಗ ಇದೆ, ಅದು ನೀರನ್ನ ಹೇಗೆ ಎಳ್ಕೊಳತ್ತೆ ಅನ್ನೋದೆಲ್ಲ ನಾನು ಆಮೇಲೆ ಪುಸ್ತಕದಲ್ಲಿ ಓದಿದ್ದು. ಕಲಿತಿದ್ದು ಮಾತ್ರ ಅವತ್ತೇ. ಕಲ್ಲು ತೊಳ್ಕೊಂಡಿದೀರಲ್ಲ? ಹೂಂ, ಎಲ್ರೂ ನಾಲಿಗೆ ಚಾಚಿ."

ಮೂರು ಊರಿನಲ್ಲಿ ಒಮ್ಮೆಗೇ ಅಷ್ಟೂ ನಾಲಿಗೆ ಹೊರಬಂದವು. ಗಣಿ ಊರಿನ ದಪ್ಪ ಕನ್ನಡಕದವಳು ನಾಲಿಗೆಗೆ ಕಲ್ಲು ಅಂಟಿಸಿಕೊಂಡು ಎರಡೂ ಕೈ ಮೇಲೆತ್ತಿ ಗೆದ್ದವರ ಹಾಗೆ ನಿಂತಳು. ಬಾಗಿಲಲ್ಲಿದ್ದ ವಯರ್ ಸಾಹೇಬರೂ ಒಂದು ಕಲ್ಲು ಕೇಳಿ ತೆಗೆದುಕೊಂಡರು.

ನನಗೆ ಆ ದಿನ ನೆನಪೇ ಇಲ್ಲ. ಅವಳು ಅತ್ತದ್ದೂ ನೆನಪಿಲ್ಲ. ಹಾಗೆ ಪಾಠ ಹೇಳಿದ ಆ ಹುಡುಗಿ ನಾನೇ ಎನ್ನುವುದನ್ನು ನಂಬಲು ಇಡೀ ಸಂಜೆ ಪ್ರಯತ್ನಿಸಿದೆ.

ಇವತ್ತು ಎದುರಾಡಲು ಅಂಥದ್ದೇನೂ ಸಿಗಲಿಲ್ಲ. ಇದ್ದಿದ್ದರೂ ಧ್ವನಿ ಇರಲಿಲ್ಲ, ಅದು ಬೇರೆ ಮಾತು.

ಸೆಪ್ಟೆಂಬರ್ 3, ಭಾನುವಾರ

ಮೌನವನ್ನು ಡಾಕ್ಟರು ಇನ್ನೂ ಮುಂದಕ್ಕೆ ಹಾಕಿದ್ದಾರೆ.

ಇವತ್ತು ಪಾಪು ನಮ್ಮವರ ಫೋನಿಗೆ ಕರೆ ಮಾಡಿ, "ಭಾವ, ಸ್ಪೀಕರ್ ಹಾಕಿ ಅಕ್ಕನ ಮುಂದೆ ಇಡಿ. ಒಂದು ಚಮಚ ಕೊಡಿ ಅವಳ ಕೈಗೆ," ಎಂದಳು. ಮೇಜಿಗೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ.

ಅಮ್ಮನ ಮಂಡಿ ನೋವು, ಬಂದರಿನ ಕಟ್ಟಡದ ಸೋರುವ ಛಾವಣಿ, ಅವಳ ಹೊಸ ಚಪ್ಪಲಿ, ಎಲ್ಲ ಹೇಳಿದಳು. ನಾನು ಕುಟ್ಟುತ್ತ ಹೋದೆ. ಆಮೇಲೆ ಅವಳ ದನಿ ತಗ್ಗಿತು.

"ಅಕ್ಕ, ಒಂದ್ ಮಾತು ಹೇಳ್ಲಾ? ನೀನು ತಿರುಗಿ ಮಾತಾಡೋಕಾಗಲ್ಲ ಅಂತ ಧೈರ್ಯ ಮಾಡ್ತಿದೀನಿ."

ಒಂದು ಕುಟ್ಟು.

"ಇಷ್ಟು ವರ್ಷ ಆದ್ರೂ ಪಾಠಕ್ಕೆ ಮುಂಚೆ ನನ್ನ ಕೈ ತಣ್ಣಗಾಗತ್ತೆ. ಮಕ್ಕಳ ಭಯ ಅಲ್ಲ. ಇದನ್ನ ಅಕ್ಕ ಕೇಳಿದ್ರೆ ಏನಂತಾಳೋ ಅಂತ. ನೀನು ಬೇರೆ ಊರಲ್ಲಿದ್ದಾಗ್ಲೂ ಹಾಗೇ ಆಗ್ತಿತ್ತು. ಈಗ ನೀನು ಪರದೇಲೇ ಬಂದು ಕೂತ್ಬಿಟ್ಟಿದೀಯ. ನನ್ನ ಪಾಠ ಕೆಟ್ಟದಾಗಿರತ್ತಾ ಅಕ್ಕ?"

ಎರಡು ಕುಟ್ಟು. ಗಟ್ಟಿಯಾಗಿ.

"ಎರಡು ಅಂದ್ರೆ... ಅಲ್ಲ ಅಂತ ತಾನೆ? ಹಾಗಾದ್ರೆ ಚೆನ್ನಾಗಿರತ್ತಾ?"

ಒಂದು ಕುಟ್ಟು ಸಾಲದು ಎನಿಸಿತು. ಎಷ್ಟು ಕುಟ್ಟಿದೆನೋ, ನಮ್ಮವರು ಅಡುಗೆಮನೆಯಿಂದ ಓಡಿಬಂದು, "ಏನು ಬಿತ್ತು?" ಎಂದರು.

ಸೆಪ್ಟೆಂಬರ್ 12, ಮಂಗಳವಾರ

ಪಾಪು ಸೂಕ್ಷ್ಮದರ್ಶಕದ ಪಾಠ ಮಾಡುತ್ತಿದ್ದಳು. ಗಣಿ ಊರಿನ ಬೆಟ್ಟದ ಕಲ್ಲನ್ನೇ ಕೂದಲಿಗಿಂತ ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿದ ಚೂರುಗಳನ್ನು ನಾನೇ ಡಬ್ಬಿಯಲ್ಲಿಟ್ಟು ಹತ್ತಿ ತುಂಬಿ ಬಸ್ಸಿನಲ್ಲಿ ಗಣಿ ಊರಿಗೆ ಕಳಿಸಿದ್ದೆ. ಕೆಳಗಿನಿಂದ ಬೆಳಕು ಬಿಟ್ಟು, ಬೆಳಕನ್ನು ಸೋಸುವ ಎರಡು ಗಾಜುಗಳ ನಡುವೆ ಇಟ್ಟು ತಿರುಗಿಸಿದರೆ ಬೂದು ಕಲ್ಲಿನಲ್ಲಿ ಬಣ್ಣಗಳು ಹೊರಡುತ್ತವೆ.

"ಎಲ್ರಿಗೂ ಬಣ್ಣ ಕಾಣಿಸ್ತಾ?" ಎಂದು ಕೇಳಿದಳು.

"ಕಾಣಿಸ್ತು ಮೇಡಂ," ಎಂದರು ನನ್ನ ಆರು ಮಕ್ಕಳು, ಬಂದರಿನವರು, ಗಣಿ ಊರಿನವರು. ದಪ್ಪ ಕನ್ನಡಕದವಳು ಮಾತ್ರ ಸುಮ್ಮನಿದ್ದಳು. ಆಮೇಲೆ ಎದ್ದಳು.

"ಇಲ್ಲ ಮೇಡಂ. ನಮಗೆ ಕತ್ತಲೆ ಬಿಟ್ಟು ಏನೂ ಕಾಣಿಸ್ತಿಲ್ಲ. ಹೋದ ವಾರಾನೂ ಕಾಣಿಸ್ಲಿಲ್ಲ. ಕಾಣಿಸ್ತು ಅಂತ ಸುಳ್ಳು ಹೇಳಿದ್ವಿ."

"ಯಾಕಮ್ಮ?"

"ಅಲ್ಲಿ ಎಲ್ರಿಗೂ ಕಾಣಿಸ್ತಿತ್ತಲ್ಲ ಮೇಡಂ. ನಮಗೆ ಇಷ್ಟು ದಿನ ಯಾರೂ ಏನೂ ತೋರಿಸಿರ್ಲಿಲ್ಲ. ತೋರಿಸಿದಾಗ ಕಾಣಿಸ್ತಿಲ್ಲ ಅಂದ್ರೆ ನಿಲ್ಲಿಸ್ಬಿಡ್ತೀರೇನೋ ಅಂತ."

ಪಕ್ಕದ ಹುಡುಗನ ಪುಸ್ತಕದಿಂದ ಒಂದು ಹಾಳೆ ಕಿತ್ತು, ದೊಡ್ಡದಾಗಿ "ನಾನು ಬರುತ್ತೇನೆ" ಎಂದು ಬರೆದು, ಹೋಗಿ ಚೌಕದಲ್ಲಿ ನಿಂತು ಕ್ಯಾಮೆರಾಕ್ಕೆ ಹಿಡಿದೆ.

ಮೂಗಿ ಹೋಗಿ ಏನು ಮಾಡುತ್ತಾಳೆ ಎಂದು ಆಮೇಲೆ ಹೊಳೆಯಿತು.

ಸೆಪ್ಟೆಂಬರ್ 19, ಮಂಗಳವಾರ. ಗಣಿ ಊರು, ಅತಿಥಿಗೃಹ

ಕ್ಯಾಂಪಸ್ಸು ಹಿಂದೆ ಗಣಿ ಕಂಪನಿಯ ಕಚೇರಿಯಾಗಿತ್ತು. ಕಿಟಕಿಯ ಆಚೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬೆಟ್ಟ. ಮಳೆಗಾಳಿಗೆ ಬಣ್ಣ ತಿರುಗಿದ ಕಬ್ಬಿಣದ ಗೇಟು. ಒಳಗೆ ಹೋದರೆ ಒಂಬತ್ತೂ ಮಕ್ಕಳು ಎದ್ದು ನಿಂತು, ನನ್ನನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಪ್ಪ ಕನ್ನಡಕದವಳೇ ಕೊನೆಗೆ ಬಾಯಿಬಿಟ್ಟಳು.

"ಮೇಡಂ, ನೀವು ಇಷ್ಟು ಕುಳ್ಳೀನಾ?"

ಪರದೆಯಲ್ಲಿ ನಾನು ಆರಡಿ ಇರುತ್ತೇನಂತೆ. ನಕ್ಕೆ. ಸದ್ದಿಲ್ಲದೆ ನಗುವುದು ಈಗ ಅಭ್ಯಾಸವಾಗಿದೆ.

ಗೋಡೆಯ ಪರದೆಯಲ್ಲಿ ಪಾಪು ಬಂದಳು. "ಇವತ್ತು ನಾನು ಅಕ್ಕನ ಬಾಯಿ, ಅವಳು ನನ್ನ ಕೈ," ಎಂದಳು.

ಅಲ್ಲಿದ್ದ ಎರಡೂ ಸೂಕ್ಷ್ಮದರ್ಶಕ ನೋಡಿದೆ. ಒಳ್ಳೆಯ ಉಪಕರಣಗಳೇ. ಕೆಳಗಿನ ಕನ್ನಡಿಯನ್ನು ಯಾರೋ ಗೋಡೆಯ ಕಡೆ ತಿರುಗಿಸಿ ಬಿಗಿದಿದ್ದರು. ಬೆಳಕೇ ಹತ್ತುತ್ತಿರಲಿಲ್ಲ. ಸರಿಮಾಡಿ ಕೊಡಬಹುದಿತ್ತು. ಕೊಡಲಿಲ್ಲ. ಹುಡುಗಿಯ ಕೈ ಹಿಡಿದು ಕನ್ನಡಿಯ ಮೇಲಿಟ್ಟೆ, ಅವಳೇ ತಿರುಗಿಸಲಿ ಎಂದು.

"ಅಕ್ಕ ಏನ್ ಮಾಡ್ತಿದಾಳೆ?" ಎಂದಳು ಪಾಪು ಪರದೆಯಿಂದ.

"ಕನ್ನಡಿ ತಿರುಗಿಸು ಅಂತಿದಾರೆ ಮೇಡಂ."

"ನಿಧಾನವಾಗಿ ಕಿಟಕಿ ಕಡೆ ತಿರುಗಿಸು. ಈಗ ಮೇಲಿಂದ ಕಣ್ಣಿಟ್ಟು ನೋಡು. ಬೆಳ್ಳಗಾಯ್ತಾ? ಅಕ್ಕ, ಈಗ ಮೇಲಿನ ಗಾಜು."

ಗಾಜು ಒಳಗೆ ತಳ್ಳಿದೆ. ಕಲ್ಲಿನ ಚೂರಿಟ್ಟ ದುಂಡು ತಟ್ಟೆಯನ್ನು ಅವಳ ಬೆರಳಿಗೆ ಹಿಡಿಸಿದೆ. ಅವಳು ತಿರುಗಿಸಿದಳು. ತಿರುಗಿಸುತ್ತಲೇ ಇದ್ದಳು. ಕೈ ನಿಂತಿತು.

"ಅಯ್ಯೋ," ಎಂದಳು. ಮತ್ತೆ, ಇನ್ನೂ ಮೆಲ್ಲಗೆ, "ಅಯ್ಯೋ, ನೀಲಿ. ಹಳದಿ. ಇದು ನಮ್ಮ ಮನೆ ಹಿಂದಿನ ಕಲ್ಲೇ ಅಲ್ವಾ ಮೇಡಂ? ಇದರೊಳಗೆ ಇಷ್ಟೆಲ್ಲ ಇತ್ತಾ?"

ಉಳಿದವರು ಮುಗಿಬಿದ್ದರು. ಪರದೆಯಲ್ಲಿ ಪಾಪು, "ಸಾಲಾಗಿ ಬನ್ನಿ, ಸಾಲಾಗಿ," ಎಂದು ಕೂಗುತ್ತಿದ್ದಳು. ನನ್ನ ದನಿಯಲ್ಲೇ ಕೂಗುತ್ತಾಳೆ, ಇಷ್ಟು ದಿನ ಗಮನಿಸಿರಲಿಲ್ಲ. ನಾನು ಒಬ್ಬೊಬ್ಬರ ತಲೆ ಬಗ್ಗಿಸಿ ಕಣ್ಣು ಸರಿಯಾದ ಜಾಗಕ್ಕೆ ಇಡಿಸುತ್ತ ಹೋದೆ. ಎಲ್ಲರ ಬಾಯಿಂದಲೂ ಅದೇ ಒಂದು ಶಬ್ದ. ಬಂದರಿನಲ್ಲಿ ಪಾಪು ಒಂದೊಂದು ಅಯ್ಯೋಗೂ ಕೈ ತಟ್ಟಿ ಕುಣಿಯುತ್ತಿದ್ದಳು.

ನೀರು ಕುಡಿಯಲು ಹೊರಗೆ ಬಂದು ಆ ಕೊರೆದ ಬೆಟ್ಟ ನೋಡುತ್ತ ಸುಮಾರು ಹೊತ್ತು ನಿಂತೆ.

ಅಕ್ಟೋಬರ್ 6, ಶುಕ್ರವಾರ

ಮಾತಾಡಬಹುದು, ದಿನಕ್ಕೆ ಸ್ವಲ್ಪ. ದೊಡ್ಡ ತರಗತಿಗಳಿಗೆ ಈ ಗಂಟಲು ಇನ್ನು ಆಗುವುದಿಲ್ಲ, ಸಣ್ಣ ಕೋಣೆಗೆ ಸಾಕು, ಎಂದರು ಡಾಕ್ಟರು.

ಇಷ್ಟು ದಿನದ ಮೇಲೆ ಮೊದಲ ಮಾತು ಏನಿರಬಹುದು ಎಂದು ನಮ್ಮವರು ಬೆಳಗಿನಿಂದ ನನ್ನ ಹಿಂದೆಯೇ ಸುತ್ತುತ್ತಿದ್ದರು. ನನಗೂ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದಿತ್ತು. ಅಷ್ಟರಲ್ಲಿ ಒಲೆಯ ಮೇಲಿನ ಪಾತ್ರೆಯಿಂದ ಹೊಗೆ ಬಂತು.

"ಗ್ಯಾಸ್ ಆರಿಸಿ!" ಎಂದೆ. ಒರಟು, ಯಾರದೋ ದನಿ.

ಅವರು ಗ್ಯಾಸ್ ಆರಿಸಿ, ಬೆನ್ನು ತಿರುಗಿಸಿಕೊಂಡೇ ನಿಂತರು. "ಸದ್ಯ, ಬಂತಲ್ಲ," ಎಂದರು. ಈ ಮನುಷ್ಯನೂ ಹೆದರಿದ್ದನೆಂದು ನನಗೇನು ಗೊತ್ತು?

ನವೆಂಬರ್ 17, ಶುಕ್ರವಾರ

ಸಮಿತಿಯ ಸಭೆ. ಮೂರೂ ಕ್ಯಾಂಪಸ್ಸಿನವರು ಸೇರಿದ್ದರು. ಕೋರ್ಸು ಉಳಿಯಿತು. ಮುಂದಿನ ವರ್ಷಕ್ಕೆ ಗಣಿ ಊರಿನಲ್ಲಿ ಇನ್ನಷ್ಟು ಮಕ್ಕಳು ಹೆಸರು ಕೊಟ್ಟಿದ್ದಾರಂತೆ. ಡೀನ್ ಬಿಸ್ಕತ್ತು ಸರಿಸಿ, "ಮುಖ್ಯಸ್ಥರ ಜಾಗಕ್ಕೆ ಮೇಡಂ, ನೀವು ಹೂಂ ಅಂದ್ರೆ ಮುಗೀತು," ಎಂದರು.

"ಪಾಪುನ ಮಾಡಿ," ಎಂದೆ.

"ಯಾರು?"

ತಂಗಿಯ ಪೂರ್ತಿ ಹೆಸರು, ಪದವಿ ಸಮೇತ ಹೇಳಿದೆ. ನಾನು ಗಣಿ ಊರಿಗೆ ಹೋಗಿ ಪ್ರಾಯೋಗಿಕ ತರಗತಿ ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದೆ. ಅಲ್ಲಿಗೆ ಬಸ್ಸಿನ ಅನುಕೂಲ ಚೆನ್ನಾಗಿದೆ. ಕೋಣೆ ಚಿಕ್ಕದು, ಗಂಟಲಿಗೆ ಒಳ್ಳೆಯದು. ಬೇರೆ ಕಾರಣ ಏನೂ ಇಲ್ಲ.

ನವೆಂಬರ್ 18, ಶನಿವಾರ

ಬೆಳಗ್ಗೆಯೇ ಪಾಪುವಿನ ಫೋನು. ಖುಷಿಯಾಗಿರುತ್ತಾಳೆ ಎಂದುಕೊಂಡಿದ್ದೆ. ಉರಿಯುತ್ತಿದ್ದಳು.

"ಇದೇನಕ್ಕ? ಚಿಕ್ಕವರಿದ್ದಾಗ ನಿನ್ನ ಹಳೇ ಫ್ರಾಕ್ ಎಲ್ಲ ನನಗೇ ಬರ್ತಿತ್ತು. ಈಗ ಇದೂ ಹಾಗೇನಾ? ನಿನಗೆ ಬೇಡವಾಯ್ತು ಅಂತ ನನಗಾ? ನೀನು ಬಿಟ್ಟುಕೊಟ್ಟಿದ್ದು ನನಗೆ ಬೇಡ."

"ಬಿಟ್ಟುಕೊಟ್ಟಿಲ್ಲ."

"ಮತ್ತೆ?"

"ನೀನು ನನಗಿಂತ ಚೆನ್ನಾಗಿ ಪಾಠ ಮಾಡ್ತೀಯ. ಅದಕ್ಕೆ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು.

"ಇನ್ನೊಂದ್ ಸಲ ಹೇಳು," ಎಂದಳು.

"ಜಾಸ್ತಿ ಮಾತಾಡ್ಬಾರ್ದು ಅಂದಿದಾರೆ ಡಾಕ್ಟ್ರು."

"ಅಕ್ಕಾ!"

"ನನಗಿಂತ ಚೆನ್ನಾಗಿ," ಎಂದೆ.

ಹಿಂದಿನಿಂದ ಅಮ್ಮನ ದನಿ ಕೇಳಿತು: "ಯಾಕೇ ಅಳ್ತಿದೀಯ? ಮತ್ತೆ ಜಗಳಾನಾ?"

ಡಿಸೆಂಬರ್ 12, ಮಂಗಳವಾರ

ಗಣಿ ಊರಿನಿಂದ ಈಗಷ್ಟೇ ಬಂದೆ. ಬಸ್ಸು ಹತ್ತಿದಾಗ ಪಾಪು ಫೋನು ಮಾಡಿದಳು, ನಮ್ಮ ಬೀದಿಯ ತಿರುವಿನವರೆಗೂ ಮಾತಾಡಿದೆವು. ಇವತ್ತಿನ ತರಗತಿ, ಮುಂದಿನ ವಾರದ ಪರೀಕ್ಷೆ, ಅಮ್ಮನ ಮಂಡಿ, ಬಸ್ಸಿನಲ್ಲಿ ನನ್ನ ಭುಜದ ಮೇಲೆ ನಿದ್ದೆ ಹೋದ ಅಪರಿಚಿತ ಹೆಂಗಸು. ಇವತ್ತಿಗಿದ್ದ ಮಾತಿನ ಪಾಲೆಲ್ಲ ಅಲ್ಲೇ ಖರ್ಚಾಯಿತು, ನಮ್ಮವರ ಪ್ರಶ್ನೆಗೆಲ್ಲ ತಲೆಯಾಡಿಸುತ್ತಿದ್ದೇನೆ.

ಬರೆಯೋಣವೆಂದು ಕೂತರೆ ಏನೂ ಉಳಿದಿಲ್ಲ. ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಿದ್ದೇನೆ.